ಜ್ವರದಲ್ಲಿ ಸೈಕಲ್ ತುಳಿಯಬಹುದೇ?

ಪ್ರಶ್ನೆ: ಸೈಕ್ಲಿಂಗ್ ಸ್ಪರ್ಧಿಯಾದ ನನ್ನ ಮಗ ಜ್ವರವಿದ್ದರೂ ಮಾತ್ರೆ ನುಂಗಿ, ನಸುಕಿನಲ್ಲೇ ಹುಮನಾಬಾದ್ ರಸ್ತೆಯಲ್ಲಿ ಅಭ್ಯಾಸಕ್ಕೆ ಹೊರಡುತ್ತಾನೆ. ಬೆವರಿದರೆ ಜ್ವರ ಇಳಿಯುತ್ತದೆ ಎನ್ನುತ್ತಾನೆ. ಇದು ಸರಿಯೇ?
– ಓದುಗರು, ಬೀದರ್

ಉತ್ತರ: ಖಂಡಿತ ಸರಿಯಲ್ಲ. ಪ್ಯಾರಾಸಿಟಮಾಲ್ ಮೈಬಿಸಿಯನ್ನು ತಗ್ಗಿಸುತ್ತದೆಯೇ ಹೊರತು ವೈರಾಣುವನ್ನು ಕೊಲ್ಲುವುದಿಲ್ಲ. ಆ ವೈರಾಣು ಕೆಲವರಲ್ಲಿ ಹೃದಯದ ಸ್ನಾಯುವಿಗೂ ತಗುಲಿ ಉರಿಯೂತ ತರುವುದುಂಟು, ಅಂಥ ಹೊತ್ತಿನಲ್ಲಿ ಏರುದಾರಿಯಲ್ಲಿ ಜೋರಾಗಿ ತುಳಿದರೆ ಬಡಿತದ ಲಯವೇ ತಪ್ಪಿ ಪ್ರಾಣಕ್ಕೆ ಅಪಾಯವಾಗಬಹುದು. ಇಟಲಿಯ ವೃತ್ತಿಪರ ಸೈಕ್ಲಿಸ್ಟ್ ಸೋನಿ ಕೋಲ್‌ಬ್ರೆಲ್ಲಿ 2022ರ ಮಾರ್ಚ್‌ನಲ್ಲಿ ಶ್ವಾಸನಾಳದ ಉರಿಯೂತದಿಂದ ಒಂದು ಸ್ಪರ್ಧೆಯನ್ನು ಅರ್ಧಕ್ಕೇ ಬಿಟ್ಟು, ಕೆಲವೇ ದಿನಗಳಲ್ಲಿ ಕ್ಯಾಟಲೋನಿಯಾದಲ್ಲಿ ಮತ್ತೆ ಕಣಕ್ಕಿಳಿದು, ಗುರಿ ಮುಟ್ಟಿದ ಬೆನ್ನಿಗೇ ಹೃದಯಸ್ತಂಭನವಾಗಿ ಕುಸಿದರು. ಎರಡಕ್ಕೂ ನೇರ ನಂಟಿದೆಯೆಂದು ನಾನು ಹೇಳುತ್ತಿಲ್ಲ. ಅವರು ಬದುಕಿದರು, ಆದರೆ ಅದೇ ವರ್ಷ ನಿವೃತ್ತರಾದರು. ಮಗನಿಗೆ ಬೆಳಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಲು ಹೇಳಿ. ಜ್ವರ ಬಿಟ್ಟು ಅದು ಎಂದಿನ ಲೆಕ್ಕಕ್ಕೆ ಮರಳುವವರೆಗೆ ಸೈಕಲ್ ಗೋಡೆಗೊರಗಿರಲಿ. ಎದೆನೋವು, ತಲೆಸುತ್ತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಿ.