3,46,346: ಅಲ್ಪವಿರಾಮದ ಹಿಂದೆ ಅಡಗಿದ್ದ 1001

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಕಳೆದ ತಿಂಗಳ ವ್ಯಾಪಾರ ಕೂಡಿ ನೋಡಿದರೆ ಸರಿಯಾಗಿ 3,46,346 ರೂಪಾಯಿ. ಎಂಟನೇ ತರಗತಿಯ ಮಗ ಲೆಕ್ಕದ ಪುಸ್ತಕ ಇಣುಕಿದವನೇ, “ಅಪ್ಪ, ಇದು ಹದಿಮೂರರಿಂದ ಭಾಗ ಹೋಗ್ತದೆ” ಅಂದ. ಭಾಗಿಸಿದೆ, ಶೇಷ ಸೊನ್ನೆ! ಕೇಳಿದರೆ ನಗುತ್ತಾನೆ, ಗುಟ್ಟು ಬಿಡುತ್ತಿಲ್ಲ. ಇದು ಹೇಗೆ? ಗಲ್ಲಾದ ಲೆಕ್ಕಕ್ಕೆ ಇದರಿಂದ ಏನಾದರೂ ಉಪಯೋಗ ಇದೆಯೇ?

ಉತ್ತರ: ಮೊದಲು ಮಗನಿಗೆ ಶಹಬ್ಬಾಸ್ ಹೇಳಿ. ನಾವು ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕುತ್ತೇವಲ್ಲ, ಅದೇ ಈ ಗುಟ್ಟನ್ನು ಮುಚ್ಚಿಟ್ಟಿತ್ತು. ಅಂಕಿಗಳನ್ನು ಮೂರು ಮೂರಾಗಿ ಬಿಡಿಸಿ: 346, 346. ಅಂದರೆ 346 ಸಾವಿರ, ಅದರ ಮೇಲೆ ಇನ್ನೊಂದು 346. ಒಟ್ಟು 346ರ 1001 ಪಟ್ಟು. 1001 ಎಂದರೆ 7×11×13. ಹಾಗಾಗಿ ಯಾವುದೇ ಮೂರಂಕಿಯನ್ನು ಎರಡು ಸಲ ಬರೆದರೂ ಅದು ಈ ಮೂರರಿಂದಲೂ ಭಾಗವಾಗಲೇಬೇಕು. ಮಾಡಿ ನೋಡಿ: 7ರಿಂದ ಭಾಗಿಸಿದರೆ 49478, ಅದನ್ನು 11ರಿಂದ ಭಾಗಿಸಿದರೆ 4498, ಮತ್ತೆ 13ರಿಂದ ಭಾಗಿಸಿದರೆ ಹೊರಟ 346ಕ್ಕೇ ಬಂದು ನಿಲ್ಲುತ್ತೀರಿ.

ಮೂರಂಕಿ ಮರುಕಳಿಸದಿದ್ದರೂ ದಾರಿ ಇದೆ. ಮುಂದಿನ ತಿಂಗಳು 3,58,267 ಬಂತೆನ್ನಿ. 358ರಿಂದ 267 ಕಳೆಯಿರಿ, 91 ಉಳಿಯಿತು. ಅಂದರೆ ನಿಮ್ಮ ಸಂಖ್ಯೆ 358ರ 1001 ಪಟ್ಟಿಗಿಂತ 91 ಕಡಿಮೆ. 91 ಎಂದರೆ 7×13. ಆದ್ದರಿಂದ ಇಡೀ ಸಂಖ್ಯೆಯೂ 7 ಮತ್ತು 13ರಿಂದ ಭಾಗವಾಗುತ್ತದೆ, 11ರಿಂದ ಆಗುವುದಿಲ್ಲ.

ನಿಮ್ಮ ಸಂಖ್ಯೆಯಲ್ಲಿ ಇನ್ನೂ ಒಂದು ಚೆಲುವಿದೆ, ನನಗಂತೂ ಅದೇ ಹೆಚ್ಚು ಇಷ್ಟ. ಅಂಕಿಗಳನ್ನು ಕೂಡಿ: 3+4+6+3+4+6, ಮೊತ್ತ 26. 346346 ಈ 26ರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ, 13321 ಸಲ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂಥವಕ್ಕೆ ‘ಹರ್ಷದ’ ಸಂಖ್ಯೆ, ಅಂದರೆ ಹರ್ಷ ಕೊಡುವಂಥದ್ದು, ಎಂದು ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ವಿರಾರ್ ದಾಟಿ ಹೋದರೆ ಸಿಗುವ ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿದವರು, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿದವರು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದುಕೊಂಡೇ ಸಂಖ್ಯೆಗಳ ಹಿಂದೆ ಬಿದ್ದರು. ಮಗನಿಗೆ ಅವರ ಕಥೆ ಹೇಳಿ. ಜೊತೆಗೆ 346346ಕ್ಕೆ ಒಟ್ಟು ಎಷ್ಟು ಭಾಜಕಗಳಿವೆ ಎಂದೂ ಕೇಳಿ. ಅದನ್ನು ಪೂರ್ತಿ ಒಡೆದರೆ 2, 7, 11, 13, 173 ಎಂಬ ಐದು ಅವಿಭಾಜ್ಯಗಳು, ಒಂದೊಂದೂ ಒಂದೇ ಸಲ. ಪ್ರತಿಯೊಂದನ್ನೂ ತಗೊಳ್ಳಬಹುದು, ಬಿಡಬಹುದು. ಹಾಗಾಗಿ ಎರಡನ್ನು ಐದು ಸಲ ಗುಣಿಸಿದಷ್ಟು, 32.

ಇನ್ನು ಗಲ್ಲಾದ ಮಾತು. ಅಲ್ಲಿ 13ರಿಂದ ಪ್ರಯೋಜನವಿಲ್ಲ, 9ರಿಂದ ಖಂಡಿತ ಇದೆ. ಪೆಟ್ಟಿಗೆಯ ಹಣಕ್ಕೂ ಪುಸ್ತಕಕ್ಕೂ ತಾಳೆಯಾಗದೆ, ವ್ಯತ್ಯಾಸವು 9ರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು. 4,680 ಬರೆಯುವಲ್ಲಿ 4,860 ಬರೆದರೆ ವ್ಯತ್ಯಾಸ 180, ಅಂದರೆ 9×20. ಕೊನೆಯ ಸೊನ್ನೆ ಬಿಟ್ಟುಹೋದರೂ ಹೀಗೇ: 450ರ ಬದಲು 45 ಬರೆದರೆ ವ್ಯತ್ಯಾಸ 405, ಅದು 9×45. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಲೆಕ್ಕ ಕೂಡದಿದ್ದರೆ ಎಲ್ಲ ಬಿಲ್ಲುಗಳನ್ನೂ ಮತ್ತೆ ಕೂಡಲು ಹೋಗಬೇಡಿ. ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ.