ಪಿಕಪ್ ಗಾಡಿಯ ಟೈ ರಾಡ್ ಎಂಡ್ ಮನೆಯಲ್ಲೇ ಬದಲಿಸಬಹುದಾ?

ಧಾರಾಳವಾಗಿ ಬದಲಿಸಬಹುದು. ಟೈ ರಾಡ್ ಎಂಡ್ ಅಂದರೆ ಸ್ಟೇರಿಂಗ್ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ರಾಡ್‌ನ ತುದಿ. ಆದರೆ ಸ್ಟೇರಿಂಗ್ ಆಡುತ್ತಿದೆ ಅಂತ ಬದಲಿಸುವುದಾದರೆ, ಅದು ಇದರಿಂದಲೇನಾ ಅಂತ ಮೊದಲು ನೋಡಿ. ಮುಂದಿನ ಚಕ್ರ ಎತ್ತಿ, ಎಡಬಲ ಹಿಡಿದು ಅಲುಗಿಸಿ. ಟೈ ರಾಡ್ ತುದಿಯ ಬಾಲ್ ಜಾಯಿಂಟ್ ಲಟಲಟ ಅಂದರೆ ಸವೆದಿರುವುದು ಅದೇ. ಮೇಲೆ ಕೆಳಗೆ ಹಿಡಿದಾಗಲೂ ಆಡಿದರೆ ವೀಲ್ ಬೇರಿಂಗ್, ಕಿಂಗ್ ಪಿನ್ (ಚಕ್ರ ಎಡಬಲ ತಿರುಗಲು ಆಧಾರವಾಗಿರುವ ಪಿನ್) ಕಡೆ ನೋಡಬೇಕು.

ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ, ಸ್ಟ್ಯಾಂಡ್ ಇಡಿ.

ಟೈ ರಾಡ್ ಮೇಲಿನ ಲಾಕ್ ನಟ್ ಸಡಿಲಿಸಿ. ಆಮೇಲೆ ಜಾಯಿಂಟ್‌ನ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತೂತಿಗೆ ಹಾಕಿ ಮಡಚಿರುವ ತಂತಿ ಪಿನ್) ತೆಗೆದು ನಟ್ ಸ್ವಲ್ಪ ಬಿಚ್ಚಿ. ಜಾಯಿಂಟ್ ಟೇಪರ್‌ನಲ್ಲಿ, ಅಂದರೆ ಒಂದು ಕಡೆ ಕಿರಿದಾಗುವ ತೂತಿನಲ್ಲಿ, ಕಚ್ಚಿಕೊಂಡಿರುತ್ತದೆ, ಸುಮ್ನೆ ಎಳೆದರೆ ಬರುವುದಿಲ್ಲ. ಅದನ್ನು ಬಿಡಿಸುವ ಪುಲ್ಲರ್ ಇಲ್ಲವಾ? ಜಾಯಿಂಟ್ ಕೂತಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಹೊಡೆಯಿರಿ, ಥ್ರೆಡ್ ಮೇಲೆ ಮಾತ್ರ ಬೇಡ. ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಕೆಲವು ಗಾಡಿಗಳಲ್ಲಿ ಒಂದು ಬದಿಯದು ಉಲ್ಟಾ ಥ್ರೆಡ್ ಇರುತ್ತದೆ. ನಟ್ ಬಿಗಿ ಮಾಡಿದ ಮೇಲೆ ಪಿನ್ ತೂತು ಸೇರದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ, ಲಾಕ್ ನಟ್ ಬಿಗಿ ಮಾಡಲು ಮರೆಯಬೇಡಿ.

ಅಲ್ಲಿಂದ ನೇರ ವೀಲ್ ಅಲೈನ್‌ಮೆಂಟ್‌ಗೆ ಹೋಗಿ. ಸುತ್ತು ಎಷ್ಟೇ ಸರಿಯಾಗಿ ಎಣಿಸಿದ್ದರೂ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸ್ವಲ್ಪ ಬದಲಾಗಿರಬಹುದು, ಹಾಗೇ ಬಿಟ್ಟರೆ ಟೈರ್ ಬೇಗ ಸವೆಯುತ್ತದೆ.