ರೆಡ್ ಅಲರ್ಟ್ ಇದ್ದ ದಿನ ಬಿಸಿಲು ಯಾಕೆ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ. ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಸಿಕ್ಕಿತು, ನೋಡಿದರೆ ಒಳ್ಳೆ ಬಿಸಿಲು. ಈಗ ಅಲರ್ಟ್ ಅಂದರೆ ಮಕ್ಕಳೂ ನಗುತ್ತಾರೆ. ಹವಾಮಾನದ ಅಧ್ಯಯನಕ್ಕೆ ಸಮಾಜ ವಿಜ್ಞಾನಿಗಳೂ ಬೇಕಂತೆ. ಮಳೆ ಅಳೆಯಲು ಅವರು ಯಾಕೆ?

ಉತ್ತರ: ಮಕ್ಕಳು ಯಾಕೆ ನಕ್ಕರು ಅಂತ ತಿಳಿಯಲು! ತಮಾಷೆಗೆ ಹೇಳ್ತಿಲ್ಲ.

ಮೊದಲು ಬಿಸಿಲಿನ ವಿಷಯ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಅನ್ನುತ್ತದೆ. ಸಾಮಾನ್ಯವಾಗಿ ರೆಡ್ ಅಲರ್ಟ್ ಇಂಥ ಮಳೆಗೆ. ಪಣಂಬೂರಿನಿಂದ ಸುಬ್ರಹ್ಮಣ್ಯದ ಘಟ್ಟದ ಬುಡದವರೆಗೆ ಇಡೀ ಜಿಲ್ಲೆಗೆ ಒಂದೇ ಬಣ್ಣ. ಆದರೆ ಮುನ್ಸೂಚನೆಯ ಒಳಗೆ ‘ಒಂದೆರಡು ಕಡೆ’ ಅಂತ ಇರುತ್ತದೆ. ನಿಮ್ಮಲ್ಲಿ ಬಟ್ಟೆ ಒಣಗುವಾಗಲೇ ಸುಳ್ಯದಲ್ಲಿ ತೋಡು ಉಕ್ಕಬಹುದು. ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ‘ಒಂದೆರಡು ಕಡೆ’ ಉದುರಿ ಹೋಗಿ, ಬಣ್ಣ ಮಾತ್ರ ಉಳಿದಿರುತ್ತದೆ. ಇದನ್ನು ಮೋಡ ನೋಡಿ ತಿಳಿಯಲು ಆಗುವುದಿಲ್ಲ, ಜನರನ್ನು ನೋಡಬೇಕು.

ಅಮೆರಿಕದ ಜಾಪ್ಲಿನ್ ಊರಿಗೆ 2011ರ ಮೇ 22ರಂದು ಸುಂಟರಗಾಳಿ ಬಡಿದು 150ಕ್ಕೂ ಜಾಸ್ತಿ ಜನ ಸತ್ತರು. ಸೈರನ್ ಮೊದಲೇ ಕೂಗಿತ್ತು. ಬದುಕುಳಿದವರನ್ನು ಆಮೇಲೆ ಮಾತಾಡಿಸಿದಾಗ ಗೊತ್ತಾಯಿತು, ಅಲ್ಲಿ ಸೈರನ್ ಆಗಾಗ ಕೂಗುತ್ತಲೇ ಇತ್ತಂತೆ. ಹಾಗಾಗಿ ಹೆಚ್ಚಿನವರು ತಕ್ಷಣ ಅಡಗಲಿಲ್ಲ. ಇನ್ನೊಂದು ಖಾತ್ರಿಗೆ ಕಾದರು. ನಾವೂ ಅಷ್ಟೇ ಅಲ್ವಾ? ಅಂಗಳಕ್ಕೆ ಬಂದು ಪಡುವಣ ದಿಕ್ಕು ನೋಡದೆ ನಂಬುವವರಲ್ಲ.

ಮಲ್ಪೆಯ ಆಳಸಮುದ್ರ ಬೋಟಿನದು ಇನ್ನೂ ಕಷ್ಟದ ಲೆಕ್ಕ. ಹೋದರೆ ವಾರ, ಹತ್ತು ದಿನ ಕಡಲಲ್ಲೇ. ಗಾಳಿ ಗಂಟೆಗೆ 55 ಕಿಲೋಮೀಟರ್ ಅಂದರೆ ಬೋಟು ನಡೆಸುವ ತಾಂಡೇಲನಿಗೆ ಸಿಕ್ಕಿದ್ದು ಅರ್ಧ ಉತ್ತರ. ಹತ್ತಿರದ ಬಂದರು ಯಾವುದು, ಅಲ್ಲಿಗೆ ಮುಟ್ಟಲು ಹೊತ್ತು ಇದೆಯಾ, ಸುಟ್ಟ ಡೀಸೆಲ್‌ನ ದುಡ್ಡು ಹುಟ್ಟಿತಾ, ಇವೆಲ್ಲ ಅವನ ತಲೆಯಲ್ಲಿ. ಸಾಲ ಜಾಸ್ತಿ ಇದ್ದರೆ ಇನ್ನೊಂದು ಬಲೆ ಹಾಕಿಯೇ ಬರೋಣ ಅನಿಸೀತು. ರೇಡಾರ್‌ನಲ್ಲಿ ಸಾಲ ಕಾಣುವುದಿಲ್ಲ. ಬೋಟು ನಿಲ್ಲುವ ದಕ್ಕೆಯಲ್ಲಿ ಕೂತು, ಬಲೆ ಹೊಲಿಯುವವರ ಪಕ್ಕದಲ್ಲಿ, ನಿಧಾನಕ್ಕೆ ಕೇಳಬೇಕು. ಸುಮ್ನೆ ಫಾರಂ ತುಂಬಿಸಿಕೊಂಡರೆ ಯಾರೂ ನಿಜ ಹೇಳುವುದಿಲ್ಲ.

ಇಂಥ ಕೆಲಸದಿಂದಲೇ ಈಗ ‘ಮಳೆ ಎಷ್ಟು’ ಅನ್ನುವುದರ ಜೊತೆಗೆ ‘ಬಂದರೆ ಏನಾಗುತ್ತದೆ’ ಅಂತಲೂ ಮುನ್ಸೂಚನೆಯಲ್ಲಿ ಬರೆಯುತ್ತಾರೆ: ತಗ್ಗಿನ ರಸ್ತೆಗೆ ನೀರು, ಗುಡ್ಡ ಕುಸಿತ, ಹೀಗೆ. ಮುಂದಿನ ಸಲ ಬಣ್ಣದ ಕೆಳಗಿನ ಆ ಸಾಲು ಓದಿ. ನಿಮ್ಮ ರಸ್ತೆ ಮುಳುಗಲು ಇಡೀ ದಿನದ ಮಳೆ ಬೇಡ, ಎರಡು ಗಂಟೆ ಜೋರಾಗಿ ಸುರಿದರೆ ಸಾಕು. ಅದಕ್ಕೆ ಮುಂದಿನ ಮೂರು ಗಂಟೆಗಳಿಗೆ ಕೊಡುವ ಮುನ್ಸೂಚನೆಯನ್ನೂ ನೋಡುತ್ತಿರಿ. ರಜೆ ಕೊಡುವುದು ಮಾತ್ರ ನಮ್ಮ ಕೈಯಲ್ಲಿಲ್ಲ, ಮಕ್ಕಳಿಗೆ ಹೇಳಿಬಿಡಿ.